ರಾಯರು ಕೊಂಡ ಹೆಲಿಕಾಪ್ಟರು

ಆಟದ ಸಾಮಾನನ್ನು ಕೊಳ್ಳುವುದು ಮಕ್ಕಳಾಟವಲ್ಲ. ಸೀರೆ ಕೊಳ್ಳುವವರಿಗೆ ಸೆರಗನ್ನು ನೋಡಬೇಕೆಂದು ಗೊತ್ತು. ಬದನೆಕಾಯಿ ಕೊಳ್ಳುವವರಿಗೆ ತೊಟ್ಟನ್ನು ನೋಡಬೇಕೆಂದು ಗೊತ್ತು. ಹಾರುವ ಆಟಿಕೆಯನ್ನು ಕೊಳ್ಳುವವನು ಏನನ್ನು ನೋಡಬೇಕು? ಬಣ್ಣ ನೋಡಿ ಕೊಂಡವರುಂಟು, ಬೆಲೆ ನೋಡಿ ಕೊಂಡವರುಂಟು. ಇಬ್ಬರೂ ಮನೆಗೆ ಬಂದ ಮೇಲೆ ಪೇಚಾಡಿದವರೇ. ಚಾಮರಾಜಪೇಟೆಯ ರಾಯರು ಮಾತ್ರ ಅದು ಬೀಳುವುದನ್ನು ನೋಡಿ ಕೊಂಡರು. ಹಾರುವುದನ್ನು ಎಲ್ಲ ಅಂಗಡಿಯವರೂ ತೋರಿಸುತ್ತಾರೆ. ಬಿದ್ದರೆ ಏನಾಗುತ್ತದೆಂದು ಕೇಳುವ ಗಿರಾಕಿ ಅಪರೂಪ.

ರಾಯರಿಗೆ ಈಗ ಎಪ್ಪತ್ತೈದು ವರ್ಷ. ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯವರು ಹೆಲಿಕಾಪ್ಟರುಗಳಿಗೆಂದೇ ಪ್ರತ್ಯೇಕ ವಿಭಾಗವನ್ನು ತೆರೆದದ್ದು ೧೯೭೦ರಲ್ಲಿ. ರಾಯರು ಅಲ್ಲಿಗೆ ಫಿಟ್ಟರಾಗಿ ಸೇರಿದ್ದು ೧೯೭೨ರಲ್ಲಿ. ಮೂವತ್ತೆಂಟು ವರ್ಷ ಮುಂಜಾನೆಯ ಕಾರ್ಖಾನೆ ಬಸ್ಸನ್ನು ತಪ್ಪಿಸಿಕೊಳ್ಳದೆ ದುಡಿದರು. ಫ್ರಾನ್ಸಿನ ಅಲುಯೆಟ್ ಎಂಬ ಯಂತ್ರವನ್ನು ಪರವಾನಗಿ ಪಡೆದು ೧೯೬೫ರಿಂದ ಬೆಂಗಳೂರಿನಲ್ಲಿ ಕಟ್ಟತೊಡಗಿ, ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು, ಚೇತಕ್ ಎಂದು ಕರೆದಿದ್ದರಷ್ಟೆ; ಅಂತಹ ಎಷ್ಟೋ ಚೇತಕಗಳಿಗೆ ರಾಯರ ಕೈ ತಾಗಿತ್ತು. ೧೯೯೨ರ ಆಗಸ್ಟ್ ೨೦ರಂದು ಧ್ರುವ ಹೆಲಿಕಾಪ್ಟರು ಮೊತ್ತಮೊದಲು ನೆಲ ಬಿಟ್ಟಾಗ ನೆಲದ ಮೇಲೆ ನಿಂತು ಕತ್ತೆತ್ತಿ ನೋಡಿದವರಲ್ಲಿ ಅವರೂ ಒಬ್ಬರು. ೨೦೨೩ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಹೊಸ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾದಾಗ ಆ ದಿನದ ಪತ್ರಿಕೆಯ ಪುಟವನ್ನು ಮಡಿಸಿ ಪಂಚಾಂಗದೊಳಗಿಟ್ಟುಕೊಂಡರು. ಆದರೆ ಇಷ್ಟು ವರ್ಷಗಳಲ್ಲಿ ಒಂದನ್ನಾದರೂ ಅವರು ಹಾರಿಸಿದ್ದುಂಟೆ? ಇಲ್ಲ. ನೂರು ಮದುವೆಗೆ ಅಡಿಗೆ ಮಾಡಿದವನು ವರನಾಗಿ ಹಸೆಯ ಮೇಲೆ ಕುಳಿತಿರಬೇಕೆಂದೇನೂ ಇಲ್ಲವಲ್ಲ.

ನಿವೃತ್ತರಾದ ಮೇಲೆ ರಾಯರ ದಿನಚರಿ ನೆಟ್ಟಗೆ ಸಾಗಿತ್ತು. ಎರಡು ವರ್ಷಗಳಿಂದ ಒಂದು ಸಣ್ಣ ಬದಲಾವಣೆ. ಬೆಳಗಿನ ಕಾಫಿಯನ್ನು ಅವರ ಮನೆಯಾಕೆ ಲೋಟದ ಅರ್ಧಕ್ಕೇ ನಿಲ್ಲಿಸಿ, ಮತ್ತೆ ಕೇಳಿದಾಗ ಇನ್ನರ್ಧ ತಂದುಕೊಡುತ್ತಿದ್ದರು. ಏಕೆಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ನೆಂಟರು ಬಂದಾಗ ರಾಯರು ತಮಗೆ ಕಾಫಿ ಬೇಡವೆನ್ನುತ್ತಿದ್ದರು.

ಹೀಗಿರುವಲ್ಲಿ ಅಮೆರಿಕದಲ್ಲಿರುವ ಸೋದರಮಾವ ಮೊಮ್ಮಗನ ಹುಟ್ಟುಹಬ್ಬಕ್ಕೆ ಒಂದು ರಿಮೋಟ್ ಹೆಲಿಕಾಪ್ಟರನ್ನು ತರಿಸಿಕೊಟ್ಟ. ಹುಡುಗನಿಗೆ ಒಂಬತ್ತು ವರ್ಷ. ಪೆಟ್ಟಿಗೆಯನ್ನು ತೆರೆದಾಗ ಮನೆಯೇ ಬೆಳಗಿದಂತಾಯಿತು. ಯಂತ್ರವನ್ನು ನಡುಮನೆಯ ನೆಲದ ಮೇಲಿಟ್ಟು ಹುಡುಗ ಕಡ್ಡಿಯನ್ನು ಮುಂದೆ ನೂಕಿದ. ಅದು ಬಾಣದಂತೆ ಎದ್ದು, ಒಂದು ಪಕ್ಕಕ್ಕೆ ವಾಲಿ, ಗೋಡೆಯ ಮೇಲಿದ್ದ ಮುತ್ತಜ್ಜಿಯ ಪಟಕ್ಕೆ ಬಡಿಯಿತು. ಪಟದ ಗಾಜು ಒಡೆಯಿತು. ಹೆಲಿಕಾಪ್ಟರಿನ ಬಾಲ ಎರಡು ತುಂಡಾಯಿತು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ.

“ಹದಿನೆಂಟು ಸಾವಿರ ರೂಪಾಯಿ!” ಎಂದು ಹುಡುಗನ ತಂದೆ ಕೂಗಿದ. ಹೊಡೆಯಲಿಲ್ಲ, ಬಯ್ಯಲಿಲ್ಲ; ಆ ಮೊತ್ತವನ್ನು ಮೂರು ಬಾರಿ ಹೇಳಿದ, ಅಷ್ಟೆ. ಮುರಿದ ಯಂತ್ರ ಬೀರುವಿನ ಮೇಲಕ್ಕೆ ಹೋಯಿತು.

ಅಲ್ಲಿಂದ ಮುಂದೆ ಹುಡುಗನಲ್ಲಿ ಏನೋ ಒಂದು ಮುದುಡಿಕೊಂಡಿತು. ಆಗತಾನೆ ಕಲಿಯುತ್ತಿದ್ದ ಸೈಕಲ್ಲನ್ನು ಮುಟ್ಟದಾದ. ಶಾಲೆಯ ಲೆಕ್ಕವನ್ನು ಪೆನ್ಸಿಲಿನಲ್ಲಿ ಮಾಡಿ, ತಾತನಿಗೆ ತೋರಿಸಿ, ಸರಿಯೆಂದ ಮೇಲೆಯೇ ಶಾಯಿಯಲ್ಲಿ ತಿದ್ದುವುದು ಅಭ್ಯಾಸವಾಯಿತು. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈಯೆತ್ತುವುದಿಲ್ಲವೆಂದು ಉಪಾಧ್ಯಾಯಿನಿ ಹೇಳಿಕಳುಹಿಸಿದರು. ರಾಯರು ಯೋಚಿಸಿದರು. ಹುಡುಗನ ತಪ್ಪಿಲ್ಲ, ಯಂತ್ರದ ತಪ್ಪೂ ಇಲ್ಲ. ಈಜು ಬಾರದವನನ್ನು ತುಂಬಿದ ಹೊಳೆಗೆ ಇಳಿಸಿದ್ದೇ ತಪ್ಪು. ಅವರು ಬೀರುವಿನ ಮೇಲಿದ್ದುದನ್ನು ಇಳಿಸಿ ನೋಡಿದರು. ಒಂದೇ ದೊಡ್ಡ ರೆಕ್ಕೆಚಕ್ರ, ಆರು ಚಾನೆಲು. ರೆಕ್ಕೆಗಳ ವಾಲಿಕೆಯನ್ನೇ ಬದಲಾಯಿಸುತ್ತ ತಲೆಕೆಳಗಾಗಿಯೂ ಹಾರಬಲ್ಲ ಜಾತಿ. ಪಳಗಿದ ಕೈಗೆ ಅದು ಪಟ್ಟದ ಕುದುರೆ. ಹೊಸಬನಿಗೆ ಬರಿಯ ಒದೆ.

ಹಳೆಯದೊಂದು ಮದುವೆಯ ಕರೆಯೋಲೆಯ ಬೆನ್ನಿನ ಮೇಲೆ ರಾಯರು ಐದು ಪ್ರಶ್ನೆಗಳನ್ನು ಬರೆದುಕೊಂಡರು. ಅಕ್ಷರ ಸೊಟ್ಟಸೊಟ್ಟಗೆ ಬಂದವು. ಕಾಗದವನ್ನು ಜೇಬಿಗೆ ಸೇರಿಸಿ, ಪಿಂಚಣಿಯ ಹಣದಲ್ಲಿ ಎರಡು ಸಾವಿರವನ್ನು ಎಣಿಸಿಕೊಂಡು, ಒಂದು ಶನಿವಾರ ಮೊಮ್ಮಗನ ಕೈ ಹಿಡಿದು ಅವೆನ್ಯೂ ರಸ್ತೆಗೆ ಹೊರಟರು.

ಅವೆನ್ಯೂ ರಸ್ತೆಯನ್ನು ಬಲ್ಲವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಬಲ್ಲದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಸಿಟಿ ಮಾರ್ಕೆಟ್ಟಿನಿಂದ ಮೈಸೂರು ಬ್ಯಾಂಕಿನ ವೃತ್ತದವರೆಗೆ ಒಂದೇ ಜನಪ್ರವಾಹ. ಬ್ಯಾಂಕು ೨೦೧೭ರಲ್ಲಿ ಬೇರೊಂದು ಬ್ಯಾಂಕಿನಲ್ಲಿ ಲೀನವಾಯಿತು. ವೃತ್ತದ ಹೆಸರು ಮಾತ್ರ ಜನರ ಬಾಯಲ್ಲಿ ಭದ್ರವಾಗಿದೆ. ಬೀದಿಗೆ ಹಿಂದೆ ದೊಡ್ಡಪೇಟೆಯೆಂದು ಹೆಸರು. ಕೆಂಪೇಗೌಡರು ೧೫೩೭ರಲ್ಲಿ ಊರು ಕಟ್ಟಿಸುವಾಗ ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಕಟ್ಟಿದ ಎತ್ತುಗಳನ್ನು ಹೊಡೆಸಿದರೆಂಬ ಐತಿಹ್ಯವಿದೆ. ಹಳೆಯ ಪುಸ್ತಕಗಳ ರಾಶಿ, ಲೆಕ್ಕದ ಪುಸ್ತಕಗಳ ಅಟ್ಟಿ, ತಲೆಯ ಮೇಲೆ ಮೂಟೆ ಹೊತ್ತು “ಸೈಡು, ಸೈಡು” ಎನ್ನುತ್ತ ನುಗ್ಗುವ ಕೂಲಿಯವರು, ಇವೆಲ್ಲದರ ನಡುವೆ ತಾತ ಮೊಮ್ಮಗ ನಡೆದರು.

“ತಾತ, ನಾಲ್ಕು ಎತ್ತೂ ಒಂದೇ ಕಡೆ ಎಳೆಯಲಿಲ್ಲವೇ?” ಎಂದು ಕೇಳಿದ ಹುಡುಗ, ಕಥೆಯನ್ನು ಕೇಳಿ.

ರಾಯರಿಗೆ ಪಾಠಕ್ಕೊಂದು ದಾರಿ ಸಿಕ್ಕಿತು. “ಎರಡು ಎತ್ತುಗಳನ್ನು ಒಂದೇ ಗಾಡಿಗೆ ಹಿಂದೊಂದು ಮುಂದೊಂದು ಕಟ್ಟಿ ಎದುರುಬದುರಾಗಿ ಎಳೆಸಿದರೆ ಏನಾಗುತ್ತದೆ?”

“ಗಾಡಿ ಅಲ್ಲೇ ನಿಲ್ಲುತ್ತದೆ.”

“ಅಂತಹ ಗಾಡಿಯೇ ನಮಗೆ ಬೇಕಾದದ್ದು. ಹೆಲಿಕಾಪ್ಟರಿನ ರೆಕ್ಕೆ ಬಲಕ್ಕೆ ತಿರುಗಿದರೆ ಒಡಲು ಎಡಕ್ಕೆ ತಿರುಗಲು ಹವಣಿಸುತ್ತದೆ. ಅದನ್ನು ತಡೆಯುವುದಕ್ಕೇ ಚೇತಕದ ಬಾಲದಲ್ಲಿ ಇನ್ನೊಂದು ಪುಟ್ಟ ರೆಕ್ಕೆಚಕ್ರ ಇರುವುದು. ಇನ್ನೊಂದು ಉಪಾಯವೂ ಉಂಟು. ಒಂದೇ ಕಂಬದ ಮೇಲೆ ಎರಡು ಚಕ್ರ. ಮೇಲಿನದು ಒಂದು ಕಡೆಗೆ, ಕೆಳಗಿನದು ಇನ್ನೊಂದು ಕಡೆಗೆ. ಒಂದರ ಸೆಳೆತವನ್ನು ಇನ್ನೊಂದು ನುಂಗುತ್ತದೆ, ಒಡಲು ಸುಮ್ಮನಿರುತ್ತದೆ. ನಮ್ಮ ನೌಕಾದಳದಲ್ಲಿರುವ ರಷ್ಯಾ ದೇಶದ ಕಾಮೋವ್ ಹೆಲಿಕಾಪ್ಟರುಗಳು ಈ ಜಾತಿಯವೇ. ಹೊಸಬರಿಗೆ ಇದೇ ವಾಸಿ.”

ಅದೇ ಆ ಕಾಗದದಲ್ಲಿದ್ದ ಮೊದಲನೆಯ ಪ್ರಶ್ನೆ: ಒಂದೇ ಕಂಬಕ್ಕೆ ಎರಡು ಚಕ್ರವೋ?

ಮಾಮೂಲುಪೇಟೆಯ ಕಡೆಗೆ ಹೊರಳುವ ಗಲ್ಲಿಯೊಂದರಲ್ಲಿ, ಕಡಿದಾದ ಮೆಟ್ಟಿಲು ಹತ್ತಿದರೆ ಸಗಟು ಆಟಿಕೆಗಳ ಅಂಗಡಿ. ಶೆಟ್ಟರು ಗಲ್ಲಾದ ಹಿಂದಿನಿಂದ, “ಬನ್ನಿ ಯಜಮಾನರೇ. ಕಲಿಯುವವರು ಯಾರು? ಮಗುವೇ? ವಯಸ್ಸೆಷ್ಟು?” ಎಂದರು.

“ಒಂಬತ್ತು,” ಎಂದರು ರಾಯರು.

ಶೆಟ್ಟರು ಮೊದಲು ತೆಗೆದದ್ದು ಆರುನೂರು ರೂಪಾಯಿನದು. ಗುಂಡಿಯೊತ್ತಿ ಬಿಟ್ಟರು, ಅದು ಮಿಣಮಿಣ ಬೆಳಕು ಬಿಡುತ್ತ ಏರಿತು, ಕೆಳಗೆ ಕೈ ಹಿಡಿದರೆ ಮತ್ತೆ ಮೇಲಕ್ಕೆ ಚಿಮ್ಮಿತು, ಕೊನೆಗೆ ಸೂರಿಗೆ ತಗುಲಿ ರಟ್ಟಿನ ಪೆಟ್ಟಿಗೆಗಳ ಹಿಂದೆ ಮಾಯವಾಯಿತು. ಮೊಮ್ಮಗನ ಕಣ್ಣರಳಿತು. ರಾಯರು ತಲೆಯಲ್ಲಾಡಿಸಿದರು. “ಇದು ತಾನಾಗಿ ಹಾರುತ್ತದೆ, ಇದನ್ನು ಯಾರೂ ಹಾರಿಸುವುದಿಲ್ಲ. ಗಾಳಿಪಟಕ್ಕಾದರೂ ದಾರವಿರುತ್ತದೆ.”

ಎರಡನೆಯದು ಐದೂವರೆ ಸಾವಿರದ್ದು, ನಾಲ್ಕು ಚಾನೆಲು, ಒಂಟಿ ಚಕ್ರ. ಅಂಗಡಿಯ ಹುಡುಗ ಅದನ್ನು ಕಿಷ್ಕಿಂಧೆಯಂತಹ ಆ ಜಾಗದಲ್ಲೇ ಸೊಗಸಾಗಿ ಆಡಿಸಿದ. ಮುಂದೆ, ಹಿಂದೆ, ಅಡ್ಡಕ್ಕೆ, ಎತ್ತ ಬೇಕೆಂದರತ್ತ ಹೋಯಿತು. “ಭಲೆ,” ಎಂದು ಮೆಚ್ಚಿದ ರಾಯರು, “ಇದನ್ನು ಕಲಿಯುವಾಗ ಎಷ್ಟು ರೆಕ್ಕೆ ಮುರಿದೆಯಪ್ಪ?” ಎಂದು ಕೇಳಿದರು. ಹುಡುಗ ನಕ್ಕು, “ಲೆಕ್ಕ ಇಟ್ಟಿಲ್ಲ ಸಾರ್,” ಎಂದ. ಒಂಟಿ ಚಕ್ರದ್ದು ತಾನಾಗಿ ಪಕ್ಕಕ್ಕೆ ಜಾರುತ್ತಲೇ ಇರುತ್ತದೆ. ಪ್ರತಿ ಕ್ಷಣವೂ ಬೆರಳು ಅದನ್ನು ತಿದ್ದುತ್ತಿರಬೇಕು. ಅಡ್ಡಕ್ಕೆ ಹೋಗುವ ಭಾಗ್ಯಕ್ಕೆ ತೆರಬೇಕಾದ ಸುಂಕ ಅದು. ಎರಡೇ ಚಾನೆಲಿನದೂ ಬೇಡ. ಅದು ಏರುತ್ತದೆ, ಇಳಿಯುತ್ತದೆ, ತಿರುಗುತ್ತದೆ, ಆದರೆ ಬೇಕೆಂದಾಗ ಮುಂದಕ್ಕೆ ಹೋಗದು. ಏರಿಳಿತ, ತಿರುವು, ಹಿಂದುಮುಂದು, ಈ ಮೂರಿದ್ದರೆ ಸಾಕೆಂದು ರಾಯರ ಎರಡನೆಯ ಸಾಲು ಹೇಳುತ್ತಿತ್ತು.

ಮೂರನೆಯ ಪೆಟ್ಟಿಗೆ ಸಣ್ಣದು. ಚೀನಾ ದೇಶದ ಸೈಮಾ ಕಂಪೆನಿಯವರ ಎಸ್ ೧೦೭ ಎಂಬ ಹೆಲಿಕಾಪ್ಟರು ಹಲವು ವರ್ಷಗಳ ಹಿಂದೆ ಲೋಕಪ್ರಸಿದ್ಧವಾಯಿತಷ್ಟೆ. ಇದೂ ಅದೇ ಮಾದರಿಯದು. ಗೇಣುದ್ದದ ಒಡಲು, ಲೋಹದ ಅಸ್ಥಿಪಂಜರ, ಒಂದೇ ಕಂಬಕ್ಕೆ ಎರಡು ಚಕ್ರ, ನೆತ್ತಿಯ ಮೇಲೆ ತಕ್ಕಡಿಯ ದಂಡದಂತಹ ಒಂದು ಕಡ್ಡಿ. ಒಡಲು ತಾನಾಗಿ ಸುತ್ತಲು ಹೊರಟರೆ ಅದನ್ನು ಅರಿತು ತಡೆಯುವ ಗೈರೋ ಎಂಬ ಪುಟ್ಟ ಸಾಧನವೂ ಒಳಗಿದೆಯೆಂದರು ಶೆಟ್ಟರು. ಬೆಲೆ ಸಾವಿರದ ಎಂಟುನೂರು.

“ಇದರ ರೆಕ್ಕೆ ಬಿಡಿಯಾಗಿ ಸಿಗುತ್ತದೆಯೋ?” ಇದು ರಾಯರ ಮೂರನೆಯ ಪ್ರಶ್ನೆ.

ಶೆಟ್ಟರು ಅವರ ಮುಖವನ್ನು ಒಮ್ಮೆ ನೋಡಿ, ಕೆಳಗಿನ ಡ್ರಾಯರಿನಿಂದ ಒಂದು ಪೊಟ್ಟಣವನ್ನು ತೆಗೆದರು. ಮೇಲಿನ ಜೋಡಿಗೊಂದು ಗುರುತು, ಕೆಳಗಿನ ಜೋಡಿಗೊಂದು ಗುರುತು. “ಮೊದಲು ರೆಕ್ಕೆ ಕೇಳಿದವರು ನೀವೇ ಸ್ವಾಮಿ. ಉಳಿದವರು ಒಂದು ವಾರದ ಮೇಲೆ ಬಂದು ಕೇಳುತ್ತಾರೆ.”

“ಮುರಿಯುವುದು ಖಂಡಿತ, ಶೆಟ್ಟರೇ. ಮುರಿದರೆ ಕಟ್ಟಲಾಗದ ಯಂತ್ರವನ್ನು ಕಲಿಯುವವರಿಗೆ ಕೊಡಬಾರದು.”

ನಾಲ್ಕನೆಯದು ಕಿರಣದ ಪ್ರಶ್ನೆ. ಇದು ಅವಗೆಂಪು ಕಿರಣದಿಂದ ನಡೆಯುವಂಥದು, ಟೆಲಿವಿಷನ್ನಿನ ರಿಮೋಟಿನಂತೆ. ಒಂದು ನಡುಮನೆಯಷ್ಟು ದೂರಕ್ಕೆ ಸಾಕು. ಆದರೆ ಸೂರ್ಯನ ಬೆಳಕಿನಲ್ಲಿಯೂ ಆ ಕಿರಣವೇ ಧಾರಾಳವಾಗಿರುವುದರಿಂದ, ಬಿಸಿಲಿನಲ್ಲಿ ಯಂತ್ರಕ್ಕೆ ಒಡೆಯನ ಮಾತು ಕೇಳಿಸದು. ರೇಡಿಯೋ ಅಲೆಯಿಂದ ನಡೆಯುವುದಾದರೆ ಬಯಲಿನಲ್ಲಿಯೂ ನಡೆಯುತ್ತದೆ, ಬೆಲೆಯೂ ಏರುತ್ತದೆ. ಬಯಲಿಗೆ ಒಯ್ದರೂ ಇಷ್ಟು ಹಗುರವಾದದ್ದನ್ನು ಚಾಮರಾಜಪೇಟೆಯ ಗಾಳಿ ಮಲ್ಲೇಶ್ವರಕ್ಕೆ ತಲಪಿಸಿಬಿಟ್ಟೀತು. ಮನೆಯೊಳಗಿನ ಕಲಿಕೆಗೆ ಅವಗೆಂಪೇ ಸಾಕೆಂದು ತೀರ್ಮಾನವಾಯಿತು.

ಐದನೆಯದಾಗಿ, ಕನ್ನಡಕವನ್ನು ಸರಿಪಡಿಸಿಕೊಂಡು ಪೆಟ್ಟಿಗೆಯ ಮೇಲೆ ಐ.ಎಸ್.ಐ. ಮುದ್ರೆಯನ್ನು ಹುಡುಕಿದರು. ೨೦೨೧ರ ಜನವರಿ ೧ರಿಂದ ಆಟಿಕೆಗಳಿಗೆ ಆ ಮುದ್ರೆ ಕಡ್ಡಾಯ. ಹೊರದೇಶದ ಆಟಿಕೆಗಳ ಮೇಲಿನ ಸುಂಕ ೨೦೨೦ರಲ್ಲಿ ನೂರಕ್ಕೆ ೨೦ರಿಂದ ೬೦ಕ್ಕೂ, ೨೦೨೩ರಲ್ಲಿ ೭೦ಕ್ಕೂ ಏರಿದ ಕಥೆಯನ್ನು ಶೆಟ್ಟರು ನಿಟ್ಟುಸಿರಿನೊಡನೆ ಹೇಳಿದರು. ಮುದ್ರೆ ಇತ್ತು.

ಆಮೇಲೆ ರಾಯರು ಮಾಡಿದ ಕೆಲಸಕ್ಕೆ ಶೆಟ್ಟರು ಸಿದ್ಧರಾಗಿರಲಿಲ್ಲ. ಪ್ರದರ್ಶನಕ್ಕಿಟ್ಟಿದ್ದ ಅದೇ ಮಾದರಿಯ ಯಂತ್ರವೊಂದನ್ನು ಸೊಂಟದೆತ್ತರದಿಂದ ರಟ್ಟಿನ ಹಾಸಿನ ಮೇಲೆ ಬೀಳಿಸಲು ಅಪ್ಪಣೆ ಕೇಳಿದರು. ಅಂಗಡಿಯ ಹುಡುಗ ಬೀಳಿಸಿದ. ಅದು ಮಗ್ಗುಲಾಯಿತು, ಎತ್ತಿ ಗುಂಡಿಯೊತ್ತಿದರೆ ಮತ್ತೆ ಹಾರಿತು. “ಇದನ್ನು ಕಟ್ಟಿಕೊಡಿ,” ಎಂದರು ರಾಯರು. ಎರಡು ಪೊಟ್ಟಣ ರೆಕ್ಕೆ ಸೇರಿ ಲೆಕ್ಕ ಎರಡು ಸಾವಿರಕ್ಕೆ ಸರಿಹೋಯಿತು.

ಹಿಂದಿರುಗುವಾಗ ಹುಡುಗ ಪೆಟ್ಟಿಗೆಯನ್ನು ತಾನು ಹಿಡಿಯಲು ಒಪ್ಪಲಿಲ್ಲ. “ಬಿದ್ದುಹೋದರೆ?” ಎಂದ. ರಾಯರು ಏನೂ ಹೇಳದೆ ತಾವೇ ಎದೆಗವಚಿಕೊಂಡು ನಡೆದರು.

ಮನೆಯಲ್ಲಿ ಸಿದ್ಧತೆ ಕಾರ್ಖಾನೆಯ ಶಿಸ್ತಿನಲ್ಲಿ ನಡೆಯಿತು. ಬೀಸಣಿಗೆಯನ್ನು ನಿಲ್ಲಿಸಿದರು, ಕಿಟಕಿಯ ಪರದೆಗಳನ್ನು ಎತ್ತಿ ಕಟ್ಟಿದರು, ಮುತ್ತಜ್ಜಿಯ ಪಟವನ್ನು ಕೋಣೆಯೊಳಗೆ ಸಾಗಿಸಿದರು. ಬ್ಯಾಟರಿಗೆ ವಿದ್ಯುತ್ತು ತುಂಬಲು ಸುಮಾರು ನಲವತ್ತು ನಿಮಿಷ. ಅಷ್ಟು ಹೊತ್ತೂ ರಾಯರು ಅದರ ಪಕ್ಕದಲ್ಲೇ ಕುಳಿತಿದ್ದರು. ಲಿಥಿಯಮ್ ಬ್ಯಾಟರಿಯನ್ನು ತುಂಬಲಿಟ್ಟು ಮಲಗಬಾರದು, ಹಾರಿ ಬಿಸಿಯಾದದ್ದನ್ನು ಆರುವ ಮೊದಲೇ ಮತ್ತೆ ತುಂಬಬಾರದು ಎಂಬುದು ಅವರ ಕಟ್ಟಳೆ. ನಲವತ್ತು ನಿಮಿಷ ತುಂಬಿದರೆ ಹಾರುವುದು ಏಳೆಂಟು ನಿಮಿಷ. “ಹಬ್ಬದ ಅಡಿಗೆಯ ಹಾಗೆ,” ಎಂದರು ಅಜ್ಜಿ, ಒಳಗಿನಿಂದ.

ಹುಡುಗ ರಿಮೋಟನ್ನು ಮುಟ್ಟಲಿಲ್ಲ. “ನೀನೇ ಮೊದಲು ಬಿಡು ತಾತ.”

“ಮೊದಲು ಬೀಳುವುದನ್ನು ಕಲಿ,” ಎಂದರು ರಾಯರು. “ಬೀಳುವುದಕ್ಕೂ ಒಂದು ಕ್ರಮವಿದೆ. ಗೋಡೆಗೆ ತಗುಲುತ್ತದೆ ಎಂದೊಡನೆ ಕಡ್ಡಿಯನ್ನು ಪೂರ್ತಿ ಕೆಳಗೆ ಎಳೆ. ರೆಕ್ಕೆ ತಿರುಗುವುದು ನಿಂತರೆ ಬಿದ್ದರೂ ಮುರಿಯದು. ಜನ ಗಾಬರಿಯಲ್ಲಿ ಇನ್ನೂ ಮೇಲಕ್ಕೆ ನೂಕುತ್ತಾರೆ, ಆಗಲೇ ಮುರಿಯುವುದು. ಈಗ ಬೇಕೆಂದೇ ಬೀಳಿಸು.”

ಬೇಕೆಂದೇ ಬೀಳಿಸುವುದೆಂದರೆ ಹುಡುಗನಿಗೆ ನಂಬಿಕೆಯಾಗಲಿಲ್ಲ. ಅಳುಕುತ್ತ ಒಂದು ಮೊಳ ಏರಿಸಿದ, ಕಡ್ಡಿಯನ್ನು ಎಳೆದ. ಟಪ್ಪೆಂದು ಬಿತ್ತು. ಎಲ್ಲರೂ ಸುಮ್ಮನಿದ್ದರು. ಯಾರೂ ಯಾವ ಮೊತ್ತವನ್ನೂ ಹೇಳಲಿಲ್ಲ. ಇನ್ನೊಮ್ಮೆ ಏರಿಸಿದ, ಇನ್ನೊಮ್ಮೆ ಬೀಳಿಸಿದ. ಐದನೆಯ ಸಲ ಬೀಳಿಸುವಾಗ ನಗು ಬಂತು.

ಆಮೇಲಿನ ಪಾಠಗಳು ಸುಲಭವಾದವು. ನೆಲಕ್ಕೆ ತೀರ ಹತ್ತಿರದಲ್ಲಿ ತಳ್ಳಿದ ಗಾಳಿ ಮರಳಿ ಬಂದು ಯಂತ್ರವನ್ನು ತೊನೆಯಿಸುತ್ತದೆ. ಆದ್ದರಿಂದ ಹೆದರಿ ನೆಲ ಸವರುವುದಕ್ಕಿಂತ ಧೈರ್ಯವಾಗಿ ಸೊಂಟದೆತ್ತರಕ್ಕೆ ಏರಿಸುವುದೇ ಕ್ಷೇಮ. ಬಾಲ ನಮ್ಮ ಕಡೆಗಿರುವವರೆಗೆ ಎಡವೇ ಎಡ, ಬಲವೇ ಬಲ. ಮೂತಿ ನಮ್ಮತ್ತ ತಿರುಗಿತೋ, ಕನ್ನಡಿಯಂತೆ ಎಲ್ಲ ಅದಲುಬದಲು. ಸುಮ್ಮನೆ ಬಿಟ್ಟರೂ ಮೆಲ್ಲಗೆ ಸುತ್ತುತ್ತಿದ್ದರೆ ರಿಮೋಟಿನ ಪುಟ್ಟ ತಿರುಪನ್ನು ಎದುರು ದಿಕ್ಕಿಗೆ ಕೊಂಚ ತಿರುಗಿಸಬೇಕು. ಭಾನುವಾರ ಸಂಜೆಗೆ ಒಂದು ರೆಕ್ಕೆ ಮುರಿಯಿತು. ಹುಡುಗ ಬಿಳಿಚಿಕೊಂಡು ತಂದೆಯ ಕಡೆ ನೋಡಿದ. ತಂದೆ ತನ್ನ ತಂದೆಯ ಕಡೆ ನೋಡಿದ. ರಾಯರು ಪೊಟ್ಟಣವನ್ನು ಮಗನ ಕೈಗೆ ಕೊಟ್ಟು, “ತಿರುಪುಮೊಳೆ ತೆಗೆದು ಕೂರಿಸಪ್ಪ, ನನಗೆ ಕಣ್ಣು ಸಾಲದು,” ಎಂದರು. ಹದಿನೆಂಟು ಸಾವಿರದ ಮಾತನ್ನು ಆಡಿದ್ದವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಮಗನೊಡನೆ ರೆಕ್ಕೆ ಕೂರಿಸಿದ. ಮೊದಲ ಸಲ ಮೇಲಿನದನ್ನು ಕೆಳಗೆ ಕೂರಿಸಿ, ಮಗನಿಂದ ತಿದ್ದಿಸಿಕೊಂಡ.

ರಾಯರ ಕಾರ್ಖಾನೆಯ ಅಭ್ಯಾಸದಂತೆ ಒಂದು ನೋಟುಬುಕ್ಕನ್ನು ತೆರೆದು ಹಾರಾಟಗಳ ಲೆಕ್ಕ ಇಡಲಾಯಿತು. ಬರೆಯುವ ಕೆಲಸ ಹುಡುಗನದು. ಅವನು ಶಾಯಿಯಲ್ಲಿ ಬರೆದ. ತಪ್ಪಾದಲ್ಲಿ ಗೀಟು ಹಾಕಿ ಮುಂದೆ ಸಾಗಿದ. ಅದನ್ನು ಅಜ್ಜಿಯ ಹೊರತು ಯಾರೂ ಗಮನಿಸಲಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಮನೆಯಲ್ಲಿ ಇವರಿಬ್ಬರೇ. ಹುಡುಗ ರಿಮೋಟನ್ನು ತಾತನ ಮುಂದೆ ಹಿಡಿದ. “ನೀನು ಒಂದು ಸಲವೂ ಬಿಟ್ಟಿಲ್ಲ.”

“ನಾನು ನೋಡುವವನಪ್ಪ.”

“ಏಕೆ?”

ರಾಯರು ಉತ್ತರ ಕೊಡಲಿಲ್ಲ. ಬಲಗೈಯನ್ನು ಮಡಿಲಿನಿಂದ ತೆಗೆದು ಮುಂದೆ ಚಾಚಿದರು. ಮನೆಯಾಕೆಗಲ್ಲದೆ ಇನ್ನಾರಿಗೂ ತೋರಿಸದಿದ್ದ ಕೈ ಅದು. ಬೆರಳುಗಳು ಗಾಳಿಗೆ ಸಿಕ್ಕ ಅರಳಿಯ ಎಲೆಯಂತೆ ಅಲುಗುತ್ತಿದ್ದವು. ಮೂವತ್ತೆಂಟು ವರ್ಷ ಕೂದಲೆಳೆಯಷ್ಟೂ ತಪ್ಪದೆ ತಿರುಪು ಬಿಗಿದ ಬೆರಳುಗಳು.

ಹುಡುಗ ಕೊಂಚ ಹೊತ್ತು ನೋಡಿದ. ಬಳಿಕ ರಿಮೋಟನ್ನು ತಾತನ ಎರಡು ಕೈಗಳ ನಡುವೆ ಇಟ್ಟು, “ಇದಕ್ಕೆ ಗೈರೋ ಇದೆಯಲ್ಲ ತಾತ. ಸ್ವಲ್ಪ ಅಲುಗಿದರೆ ಏನೂ ಆಗುವುದಿಲ್ಲ. ಬೀಳುತ್ತದೆ ಅನ್ನಿಸಿದರೆ ಕೆಳಗೆ ಎಳೆ. ಬಿದ್ದರೆ ಬೀಳಲಿ, ರೆಕ್ಕೆ ಇದೆ,” ಎಂದ.

ಯಂತ್ರ ಗುಂಯ್ಗುಟ್ಟಿತು. ತೊನೆದಾಡುತ್ತ ಒಂದು ಗೇಣು, ಒಂದು ಮೊಳ, ಸೊಂಟದೆತ್ತರ. ಎರಡು ಚಕ್ರಗಳೂ ಒಂದರ ಸೆಳೆತವನ್ನೊಂದು ನುಂಗುತ್ತ ಒಡಲನ್ನು ಹಿಡಿದುಕೊಂಡವು. ಕೈಯ ನಡುಕ ಅಲ್ಲಿಯವರೆಗೆ ತಲಪುವಷ್ಟರಲ್ಲಿ ಬರಿಯ ತೂಗಾಟವಾಗಿಬಿಟ್ಟಿತ್ತು. ಅಡಿಗೆಮನೆಯ ಬಾಗಿಲಿನವರೆಗೆ ಹೋಗಿ, ಗೋಡೆಯ ಹತ್ತಿರ ಮೂತಿ ತಿರುಗಿದಾಗ, ರಾಯರು ಕಡ್ಡಿಯನ್ನು ಕೆಳಗೆ ಎಳೆದರು. ಟಪ್ಪೆಂದಿತು.

ಅಂದಿನ ನೋಟುಬುಕ್ಕಿನ ಪುಟ ಹೀಗಿದೆ: “ಹಾರಾಟ ೬೩. ಚಾಲಕರು: ತಾತ, ಮೊದಲನೆಯ ಸಲ. ಸಮಯ: ೧೧ ಸೆಕೆಂಡು. ಹಾನಿ: ಇಲ್ಲ.” ಅದರ ಕೆಳಗೆ ಸಹಿ ಮಾಡಬೇಕೆಂದು ಹುಡುಗ ಪಟ್ಟು ಹಿಡಿದಿದ್ದರಿಂದ ರಾಯರು ಸಹಿ ಮಾಡಿದ್ದಾರೆ. ಸಹಿ ಸೊಟ್ಟಗಿದೆ, ಆದರೂ ಓದಬಹುದು.

ಬೀರುವಿನ ಮೇಲಿನ ದೊಡ್ಡ ಹೆಲಿಕಾಪ್ಟರು ಇನ್ನೂ ಅಲ್ಲಿಯೇ ಇದೆ. ಅದರ ಬಾಲವನ್ನು ಜೋಡಿಸುವುದಕ್ಕೆ ಅವಸರವಿಲ್ಲವೆಂದು ತಾತ ಮೊಮ್ಮಗ ಇಬ್ಬರೂ ಒಪ್ಪಿದ್ದಾರೆ. ಮುಂದಿನ ತಿಂಗಳು ಪಿಂಚಣಿ ಬಂದ ಮೇಲೆ ಮತ್ತೊಮ್ಮೆ ಅವೆನ್ಯೂ ರಸ್ತೆಗೆ ಹೋಗಬೇಕಾಗಿದೆ. ರೆಕ್ಕೆಯ ಪೊಟ್ಟಣ ಒಂದೇ ಉಳಿದಿದೆ.